ಒಂದೇ ಒದೆಯ ಗಾಡಿ

ಮೈಕಣ್ಣನ ಮೋಟಾರ್‌ಸೈಕಲ್ಲಿಗೆ ಮನೆಯ ಮುಂದೆ ಯಾವ ಕಾಯಿಲೆಯೂ ಇರಲಿಲ್ಲ. ಬೆಳಿಗ್ಗೆ ಆರೂಕಾಲಿಗೆ ಚೋಕ್ ಎಳೆದು ಒಂದು ಒದೆ ಕೊಟ್ಟರೆ ಸಾಕು, ಎರಡು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಪಿಂಚಣಿದಾರರ ಹಾಗೆ ಸಾವಕಾಶವಾಗಿ ಮಾತು ಶುರುವಿಟ್ಟುಕೊಳ್ಳುತ್ತಿತ್ತು. ಕಾಯಿಲೆ ಇದ್ದದ್ದು ಮೇಲ್ಸೇತುವೆಯ ಮೇಲೆ. ಮನೆಯಿಂದ ನಾಲ್ಕೈದು ಕಿಲೋಮೀಟರು ಬಂದು, ಸೇತುವೆಯ ಏರು ಹತ್ತಿ, ಇನ್ನೇನು ನೆತ್ತಿ ಮುಟ್ಟಿತು ಅನ್ನುವಾಗ "ಬುಕ್, ಬುಕ್, ಬು..." ಎಂದು ಅರ್ಧ ಅಕ್ಷರ ನುಂಗಿ ನಿಂತುಬಿಡುತ್ತಿತ್ತು. ನಿಂತ ಮೇಲೆ ಗುದ್ದಿದರೂ ಅಷ್ಟೇ, ಮುದ್ದಿಸಿದರೂ ಅಷ್ಟೇ. ಒದ್ದಾಡುವುದು ಎಂದರೆ ಒದ್ದು ಒದ್ದು ಆಡುವುದು ಎಂಬ ಅರ್ಥ ಅವನಿಗೆ ಹೊಳೆದದ್ದು ಆ ಸೇತುವೆಯ ಮೇಲೆಯೇ. ಹೊಳೆದಾಗ ನಗು ಬರಲಿಲ್ಲ ಎಂಬುದು ಬೇರೆ ಮಾತು.

ಮೈಕಣ್ಣ ಎಂಬುದು ಡ್ರೈವರುಗಳು ಇಟ್ಟ ಹೆಸರು. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು "ಪ್ರಯಾಣಿಕರ ಗಮನಕ್ಕೆ" ಎಂದು ಶುರುಮಾಡಿ, ಯಾವ ಬಸ್ಸು ಎಷ್ಟನೇ ಅಂಕಣದಿಂದ ಹೊರಡುತ್ತದೆ ಎಂದು ಹೇಳುವುದು ಅವನ ಕೆಲಸ. ಬೆಳಗಿನ ಪಾಳಿ ಏಳು ಗಂಟೆಗೆ. ಬಸ್ ನಿಲ್ದಾಣದವನು ಬಸ್ಸಲ್ಲೇ ಬರಬಾರದೇ ಎಂದು ಯಾರಾದರೂ ಕೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವನ ಬಡಾವಣೆಗೆ ಹೋಗುವ ಮೊದಲ ಬಸ್ಸು ನಿಲ್ದಾಣ ಬಿಡುವುದೇ ಏಳಕ್ಕೆ. ಅದು ಹೊರಟಿತು ಎಂದು ಕೂಗಿ ಹೇಳಬೇಕಾದವನೇ ಅವನು.

ಅವನಿಗೆ ಕಿವಿಯೇ ಬಂಡವಾಳ. ಕೇಳಿದ ದನಿಯನ್ನು ಕೇಳಿದ ಹಾಗೇ ಬಾಯಲ್ಲಿ ಇಳಿಸಬಲ್ಲ. ಕಂಡಕ್ಟರ್ ಸೀಟಿ, ಗೇರು ಕಚ್ಚುವ ಕರಕರ, ನಿಲ್ದಾಣದ ಹಳೇ ಫ್ಯಾನು, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಆದರೆ ಈಚೆಗೆ ನಿಲ್ದಾಣಕ್ಕೆ ಒಂದು ಪೆಟ್ಟಿಗೆ ಬಂದಿತ್ತು. ಅದರೊಳಗೆ ಯಾರದೋ ನಯವಾದ ಹೆಣ್ಣು ದನಿ ತುಂಬಿಟ್ಟಿದ್ದರು. ನೆಗಡಿ ಬಾರದ, ರಜೆ ಕೇಳದ, ಗಾಡಿ ಕೆಡದ ದನಿ. ವೇಳಾಪಟ್ಟಿಯಲ್ಲಿ ಏನಿದೆಯೋ ಅದನ್ನೇ ಹೇಳುತ್ತಿತ್ತು. ಡ್ರೈವರುಗಳು ಮಾತ್ರ ವೇಳಾಪಟ್ಟಿ ನೋಡಿ ಬಸ್ಸು ನಿಲ್ಲಿಸುವವರಲ್ಲ, ನೆರಳು ನೋಡಿ ನಿಲ್ಲಿಸುವವರು. ನಾಲ್ಕರಲ್ಲಿ ನಿಲ್ಲಬೇಕಾದದ್ದು ಒಂಬತ್ತರಲ್ಲಿ ನಿಂತಿರುತ್ತಿತ್ತು. ಮೈಕಣ್ಣ ಕಿಟಕಿಯಿಂದ ಇಣುಕಿ ಸರಿಯಾಗಿ ಹೇಳುತ್ತಿದ್ದ. ಪೆಟ್ಟಿಗೆಗೆ ಕಿಟಕಿ ಇರಲಿಲ್ಲ.

ಅವನು ತಡವಾಗಿ ಬಂದ ದಿನಗಳಲ್ಲಿ ಪೆಟ್ಟಿಗೆಯೇ ಮಾತಾಡಿತ್ತು. ಮೂರನೆಯ ಸಲ ಅವನು ಬೆವರು ಸುರಿಸುತ್ತ ಓಡಿ ಬಂದಾಗ, ಮೂಟೆ ಹೊತ್ತ ಹೆಂಗಸೊಬ್ಬಳು ಖಾಲಿ ನಾಲ್ಕನೇ ಅಂಕಣದಲ್ಲಿ ನಿಂತು ಧ್ವನಿವರ್ಧಕವನ್ನೇ ದಿಟ್ಟಿಸುತ್ತಿದ್ದಳು. ಅವಳ ಬಸ್ಸು ಒಂಬತ್ತರಿಂದ ಹೊರಟು ಗೇಟು ದಾಟುತ್ತಿತ್ತು.

ಸೂಪರ್‌ವೈಸರ್ ಹಾಜರಿ ಪುಸ್ತಕದ ಮೇಲೆ ಕೆಂಪು ಪೆನ್ನು ಇಟ್ಟುಕೊಂಡೇ ಕೂತಿದ್ದರು. ಅವರಿಗೆ ಯಾವ ಮಾತಿಗೂ 'ಅಂತ' ಎಂಬ ಬಾಲ ಬೇಕು.

"ಮೈಕಣ್ಣ, ಈ ತಿಂಗಳು ನಿಮ್ದು ಮೂರು ಕೆಂಪು ಅಂತ ಆಗಿದೆ. ನಾಲ್ಕನೇದು ಬಿತ್ತು ಅಂದ್ರೆ ಬೆಳಗಿನ ಪಾಳಿ ಪೆಟ್ಟಿಗೆಗೆ ಅಂತ ಮೇಲಿನೋರು ಹೇಳಿದಾರೆ. ನಿಮಗೆ ಪಾರ್ಸಲ್ ವಿಭಾಗ ಅಂತ."

"ಪಾರ್ಸಲ್ ವಿಭಾಗದಲ್ಲಿ ನಾನು ಯಾರ ಹತ್ರ ಮಾತಾಡ್ಲಿ ಸಾರ್?"

"ಪಾರ್ಸಲ್ಲು ಇರ್ತಾವಲ್ಲ."

ಮೈಕಣ್ಣ ಮೈಕಿನ ಕೋಣೆಗೆ ಹೋಗಿ ಸ್ವಿಚ್ಚು ಒತ್ತಿದ. ಅದು ಎಂದಿನಂತೆ ನೀಲಿ ಕಿಡಿ ಹಾರಿಸಿತು. ಆ ಸ್ವಿಚ್ಚಿನ ಬಗ್ಗೆ ಅವನು ಮೂರು ಸಲ ಲಿಖಿತ ದೂರು ಕೊಟ್ಟಿದ್ದ. ಬೇಡದ ಕಡೆ ಇಷ್ಟು ಕಿಡಿ, ಬೇಕಾದ ಕಡೆ ಒಂದೂ ಇಲ್ಲ ಎಂದುಕೊಂಡು ಅವತ್ತು ಅವನೇ ಕಿಡಿಕಿಡಿಯಾಗಿದ್ದ.

ಗಾಡಿ ಮೂಲತಃ ಅವನ ಮಾವನದು. ಮನೆಯೂ ಮಾವನದೇ. ಹೀಗಾಗಿ ಗಾಡಿಯನ್ನು ಬೈಯುವಾಗ ಅವನು ಬೀದಿಯ ತಿರುವು ದಾಟುವ ತನಕ ಹಲ್ಲು ಕಚ್ಚಿಕೊಂಡಿರಬೇಕಿತ್ತು. ಮಾವ ಟೈಲರು. ಮುಂದಿನ ಕೋಣೆಯಲ್ಲಿ ಕಾಲಿನಿಂದ ತುಳಿಯುವ ಮಿಷನ್ನು ಹಾಕಿಕೊಂಡು, ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡು, ಕಿಟಕಿಯಿಂದ ಅಂಗಳದ ಮೇಲೆ ಒಂದು ಕಣ್ಣು ಇಟ್ಟಿರುತ್ತಿದ್ದರು. ಅವರು ಹೊಲಿದ ಬಟ್ಟೆ ಹರಿದೀತೇ ಹೊರತು ಹೊಲಿಗೆ ಬಿಡುವುದಿಲ್ಲ ಎಂದು ಪ್ರತೀತಿ. ಸಡಿಲವಾಗಿರುವುದನ್ನು ಕಂಡರೆ ಅವರಿಗಾಗದು. ಗಾಡಿಯ ಸೀಟಿಗೊಂದು ಕವರು, ಟ್ಯಾಂಕಿಗೊಂದು ಕವರು, ಹ್ಯಾಂಡಲಿನ ಎರಡು ತುದಿಗೆ ಎರಡು ಕುಲಾವಿ, ಎಲ್ಲ ಅವರೇ ಹೊಲಿದದ್ದು. ಅಳಿಯನಿಗಿಂತ ಗಾಡಿಗೇ ಹೆಚ್ಚು ಜೊತೆ ಬಟ್ಟೆ ಇದ್ದವು. ತಿಂಗಳ ಮೊದಲಲ್ಲಿ ಟ್ಯಾಂಕಿನ ಹೊಸ ಕವರಿನ ಮೇಲೆ ಪೆಟ್ರೋಲಿನ ಕಲೆ ಬಿದ್ದದ್ದಕ್ಕೆ ಒಂದು ಸಂಜೆ ಪೂರ್ತಿ ಗೊಣಗಿದ್ದರು. "ಸೋರೋ ಗಾಡಿ ಓಡಿಸೋರಿಗೆ ನಾಚಿಕೆ ಇಲ್ಲ, ಹೊಲಿಯೋನಿಗಾದ್ರೂ ಇರಬೇಕಲ್ಲ. ನಾನು ನೋಡ್ಕೋತೀನಿ ಬಿಡಿ" ಎಂದಿದ್ದರು. ಮೈಕಣ್ಣ ಬಿಟ್ಟಿದ್ದ.

ಗಾಡಿ ಕೈಕೊಡುತ್ತಿದೆ ಎಂದರೆ ಮಾವ ನಂಬಲು ತಯಾರಿರಲಿಲ್ಲ.

"ನನ್ನ ಕಾಲದಲ್ಲಿ ಅದು ಒಂದೇ ಒದೆಗೆ ಸ್ಟಾರ್ಟು ಅಳಿಯಂದ್ರೇ."

"ನಿಮ್ಮ ಕಾಲದಲ್ಲಿ ಅಲ್ಲ ಮಾವ, ನಿಮ್ಮ ಕಾಲಲ್ಲಿ ಅನ್ನಿ. ಮಿಷನ್ ತುಳಿದ ಕಾಲು ಅದು."

"ಹೂಂ, ಹೊಸದಾಗಿ ಮನೆಗೆ ಬಂದ ಸೊಸೆಯ ಕಾಲ್ಗುಣ ನೋಡ್ತಾರೆ. ನಾನು ಅಳಿಯನದ್ದು ನೋಡ್ಬೇಕಿತ್ತು. ತಪ್ಪು ಮಾಡ್ದೆ."

ಒಳಗಿನಿಂದ ಹೆಂಡತಿ, "ಅಪ್ಪ, ಹನ್ನೊಂದು ವರ್ಷ ಆಯ್ತು. ಈಗ ವಾಪಸ್ ತಗೊಳಲ್ಲ" ಎಂದಳು. ಅವಳು ಯಾರ ಪರ ಎಂದು ಅವನಿಗೆ ಗೊತ್ತಾಗಲಿಲ್ಲ.

ಸೇತುವೆಯ ಆಚೆ ಬದಿಯ ಇಳಿಜಾರು ಮುಗಿಯುವಲ್ಲಿ ಮೇಸ್ತ್ರಿಯ ಶೆಡ್ಡು. ಮೆಕ್ಯಾನಿಕ್ ಮೇಸ್ತ್ರಿ ಶೆಡ್ಡಿನ ಹಿಂದಿನ ಕೋಣೆಯಲ್ಲೇ ವಾಸವಿದ್ದುದರಿಂದ ಎಷ್ಟು ಹೊತ್ತಿಗೆ ಹೋದರೂ ಸಿಗುತ್ತಿದ್ದ. ಗಾಡಿಯನ್ನು ನೆತ್ತಿಯ ತನಕ ತಳ್ಳಿ, ಅಲ್ಲಿಂದ ಕೂತು ಜಾರಿಸಿಕೊಂಡು ಬಂದರೆ ನೇರ ಅವನ ಬಾಗಿಲು. ಆಗಿನ್ನೂ ಮೇಸ್ತ್ರಿ ಹಲ್ಲುಜ್ಜುತ್ತಿರುತ್ತಿದ್ದ. ಚಪ್ಪಲಿ ಎಳೆಯುತ್ತ ಬಂದು, ಗಂಟಲು ಕೆರೆದು, "ಏನಂತೆ ಸಾರ್ ಮಹಾರಾಣಿಗೆ?" ಎನ್ನುತ್ತಿದ್ದ. ಹಿಂದೊಮ್ಮೆ ಪೆಟ್ರೋಲೇ ಇಲ್ಲದ ಗಾಡಿಯನ್ನು ಅರ್ಧ ದಿನ ಬಿಚ್ಚಿ ಕೂತು ಊರ ಬಾಯಿಗೆ ಬಿದ್ದವನು ಅವನು. ಅಂದಿನಿಂದ ಯಾವ ಗಾಡಿ ಬರಲಿ, ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಒಂದು ಕಣ್ಣು ಮುಚ್ಚಿ ಒಳಗೆ ಇಣುಕುತ್ತಿದ್ದ. ಆಮೇಲೆ ಮುಚ್ಚಿ, ಲುಂಗಿ ಎತ್ತಿ ಕಟ್ಟಿ, ಒಂದು ಒದೆ. ಗಾಡಿ ಸ್ಟಾರ್ಟ್.

ಮೊದಲ ಸಲ ಹೀಗಾದಾಗ ಮೈಕಣ್ಣ ಸಂತೋಷಪಟ್ಟ. ಎರಡನೆಯ ಸಲ ನಾಚಿಕೊಂಡ. ಮೂರನೆಯ ಸಲ ಅವನಿಗೆ ಗಾಡಿಯನ್ನೂ ಮೇಸ್ತ್ರಿಯನ್ನೂ ಒಟ್ಟಿಗೆ ಸೇತುವೆಯಿಂದ ಕೆಳಗೆ ತಳ್ಳಬೇಕೆನಿಸಿತು.

"ನೀವು ಒದೆಯೋದು ಸರಿ ಇಲ್ಲ ಸಾರ್" ಎಂದ ಮೇಸ್ತ್ರಿ.

"ನೀನೂ ನಮ್ಮ ಮಾವನೂ ಸೇರ್ಕೊಂಡು ಮಾತಾಡ್ಕೊಂಡಿದೀರಾ?"

"ಇಲ್ಲ ಸಾರ್. ಹಿರಿಯರು ಹೇಳಿದ್ರೆ ಏನೋ ಇರುತ್ತೆ."

ಆದರೂ ಮೇಸ್ತ್ರಿ ಮನುಷ್ಯ ಒಳ್ಳೆಯವನು. ಸೇತುವೆಯ ಮೇಲೆ ಏನಾಗುತ್ತದೆ ಎಂದು ಕೇಳಿದ. ಮೈಕಣ್ಣ ಬಾಯಿಂದ ಹೇಳಲಿಲ್ಲ, ಬಾಯಿಂದ ಮಾಡಿದ. ಏರು ಹತ್ತುವ ದಮ್ಮು, ನಡುನಡುವೆ ಬರುವ ಬಿಕ್ಕಳಿಕೆ, "ಬುಕ್, ಬುಕ್, ಬು...", ಆಮೇಲೆ ಒದೆಯ ಮೇಲೆ ಒದೆ, "ಕರ್ಚಕ್, ಕರ್ಚಕ್". ಮೇಸ್ತ್ರಿ ಕಣ್ಣು ಮುಚ್ಚಿ ಡಾಕ್ಟರ ಹಾಗೆ ಕೇಳಿದ. "ಪ್ಲಗ್ಗು" ಎಂದ. ಹೊಸ ಪ್ಲಗ್ ಬಂತು. ಎರಡು ದಿನ ಬಿಟ್ಟು ಅದೇ ಬಿಕ್ಕಳಿಕೆ. ಮತ್ತೆ ಬಾಯಲ್ಲಿ ಮಾಡಿ ತೋರಿಸಿದಾಗ "ಪಾಯಿಂಟು" ಎಂದು ಪ್ಲಗ್ಗಿಗೆ ಕಿಡಿ ಕಳಿಸುವ ಆ ಬಿಲ್ಲೆಗಳನ್ನು ಉಪ್ಪುಕಾಗದ ಹಿಡಿದು ಉಜ್ಜಿದ. ಮತ್ತೆರಡು ದಿನಕ್ಕೆ "ಬಿಸಿ ಆಗ್ತಿದೆ" ಎಂದ. ಇಂಜಿನ್ ಎಣ್ಣೆಯ ಬಣ್ಣ ನೋಡಿದ. ಒಮ್ಮೆ ಪ್ಲಗ್ ಬಿಚ್ಚಿ ಮೂಸಿ, "ಒಣಗಿದೆ. ಇಂಜಿನ್ನಿಗೆ ಪೆಟ್ರೋಲ್ ಇಳೀತಿಲ್ಲ" ಎಂದು ಸರಿಯಾದ ಜಾಗಕ್ಕೇ ಬಂದ. ಆದರೆ ಪೈಪು ಕಿತ್ತು ಹಿಡಿದರೆ ಪೆಟ್ರೋಲು ಧಾರಾಳವಾಗಿ ಸುರಿಯಿತು. "ಇಳೀತಿದೆಯಲ್ಲ ಸಾರ್" ಎಂದು ಅವನೇ ಬೇಜಾರು ಮಾಡಿಕೊಂಡ.

ಮೈಕಣ್ಣನ ಪಾಲಿಗೆ ಪೆಟ್ರೋಲಿನ ಪ್ರಶ್ನೆ ಎಂದೋ ಮುಗಿದಿತ್ತು. ಅವನು ಮುಚ್ಚಳ ತೆಗೆದು ಇಣುಕುವ ಪೈಕಿಯಲ್ಲ. ಗಾಡಿ ನಿಂತ ಕೂಡಲೆ ಎರಡು ತೊಡೆಯ ನಡುವೆ ಅದನ್ನು ಅಲುಗಾಡಿಸಿ, ತಲೆ ಬಗ್ಗಿಸಿ, ಒಳಗಿನ 'ಗುಳುಕ್ ಗುಳುಕ್' ಕೇಳುತ್ತಿದ್ದ. ಎಷ್ಟು ಲೀಟರು ಇದೆ ಎಂದು ಕಿವಿಯಲ್ಲೇ ಹೇಳಬಲ್ಲೆ ಎಂಬುದು ಅವನ ಜಂಬ.

ಭಾನುವಾರ ಅವನು ತಾನೇ ಕಾರ್ಬುರೇಟರ್ ಬಿಚ್ಚಲು ಕೂತ. ತಿಂಗಳು ಮುಗಿಯಲು ಸೋಮವಾರದಿಂದ ಶನಿವಾರದ ತನಕ ಇನ್ನು ಆರು ಬೆಳಿಗ್ಗೆ ಇದ್ದವು. ಆರರಲ್ಲಿ ಒಂದು ಕೆಂಪಾದರೂ ಪಾರ್ಸಲ್ಲು. ಪಡಸಾಲೆಯಲ್ಲಿ ಹಳೇ ದಿನಪತ್ರಿಕೆ ಹಾಸಿ, ಒಂದೊಂದೇ ಸ್ಕ್ರೂ ತೆಗೆದು ತಟ್ಟೆಯಲ್ಲಿಟ್ಟ.

"ರೀ, ಅದು ಊಟದ ತಟ್ಟೆ."

"ತೊಳೆದುಕೊಡ್ತೀನಿ."

"ಮೊನ್ನೆ ಪ್ಲಗ್ಗು ಉಜ್ಜಿದ್ದು ನನ್ನ ಹಲ್ಲುಜ್ಜೋ ಬ್ರಷ್ಷಲ್ಲಿ. ಅದನ್ನೂ ತೊಳೆದುಕೊಟ್ಟಿದ್ರಿ."

ಪ್ಲಗ್ಗು ಕಿಡಿ ಕಾರದಿದ್ದರೂ ಮನೆಯಲ್ಲಿ ಆ ಕೊರತೆ ಇರಲಿಲ್ಲ. ಮೈಕಣ್ಣ ಪೆಟ್ರೋಲು ಚಿಮ್ಮಿಸುವ ಜೆಟ್ಟಿನ ಸೂಜಿಗಣ್ಣಿನಂಥ ತೂತನ್ನು ಬೆಳಕಿಗೆ ಹಿಡಿದ. ಲಕಲಕ ಹೊಳೆಯುತ್ತಿತ್ತು. ಊದಿದ. ಇನ್ನೊಂದು ಬದಿಯಿಂದ ಊದಿದ. ಬಾಯಿಗೆ ಪೆಟ್ರೋಲು ಬಂತು. ಎಲ್ಲಿಯೂ ಕಸವಿಲ್ಲ, ಕೊಳೆಯಿಲ್ಲ. ಇಷ್ಟು ಸ್ವಚ್ಛವಾಗಿರುವುದು ಒಳ್ಳೆಯದಕ್ಕಲ್ಲ ಎನಿಸಿತು. ಕಸ ಸಿಕ್ಕಿದ್ದರೆ ಬೈಯುವುದಕ್ಕೆ ಒಂದು ಆಧಾರವಾದರೂ ಇರುತ್ತಿತ್ತು. ಮತ್ತೆ ಜೋಡಿಸಿ ಎದ್ದಾಗ ತಟ್ಟೆಯಲ್ಲಿ ಒಂದು ಸ್ಕ್ರೂ ಮಿಕ್ಕಿತ್ತು.

ಕಿಟಕಿಯಿಂದ ಮಾವ ಕನ್ನಡಕದ ಮೇಲಿಂದ ನೋಡಿದರು. "ಅಳಿಯಂದ್ರೇ, ನಾನು ಹೊಲಿದ ಅಂಗೀಲಿ ಯಾವತ್ತಾದ್ರೂ ಒಂದು ತೋಳು ಮಿಕ್ಕಿದೆಯಾ?"

ಎರಡನೆಯ ಸಲ ಪೂರ್ತಿ ಬಿಚ್ಚಿ ಜೋಡಿಸುವಷ್ಟರಲ್ಲಿ ಮಧ್ಯಾಹ್ನ ಸರಿದಿತ್ತು. ಈ ಕಾರ್ಬುರೇಟರಿನ ಕಾರುಬಾರು ಸಾಕಾಗಿ ಅವನು ಗೋಡೆಗೊರಗಿ ಕೂತ. ಮಾವ ಹೊರಗೆ ಬಂದು, ಟ್ಯಾಂಕನ್ನು ಬೆರಳಿನಿಂದ ತಟ್ಟಿ, "ಅರ್ಧ ಹೊಟ್ಟೇಲಿ ದುಡಿಸ್ತೀರಿ, ಆಮೇಲೆ ಕೆಲಸ ಮಾಡಲ್ಲ ಅಂತೀರಿ. ನಾನು ಯಾವಾಗ್ಲೂ ತುಳುಕೋ ಹಾಗೆ ತುಂಬಿಸಿಡ್ತಿದ್ದೆ" ಎಂದರು.

ಬೇರೆ ಉಪಾಯ ಉಳಿದಿರಲಿಲ್ಲ. ಸಂಜೆ ಬಂಕಿಗೆ ಹೋಗಿ ಕತ್ತಿನ ತನಕ ತುಂಬಿಸಿಕೊಂಡು ಬಂದ.

ಸೋಮವಾರ ಅವನು ಐದು ನಿಮಿಷ ಮುಂಚೆಯೇ, ಆರು ಹತ್ತಕ್ಕೇ ಹೊರಟ. ಒಂದೇ ಒದೆಗೆ ಗಾಡಿ ಎದ್ದಿತು. ಕಿಟಕಿಯಲ್ಲಿ ಮಾವ ಕತ್ತರಿ ಹಿಡಿದ ಕೈಯನ್ನೇ ಎತ್ತಿ ಆಶೀರ್ವಾದ ಮಾಡಿದರು. ಬಡಾವಣೆ ದಾಟಿತು, ಶಾಲೆಯ ಗೋಡೆ ದಾಟಿತು, ಗಾಡಿಯ ದನಿಯಲ್ಲಿ ಒಂದು ಬಿರುಕಿಲ್ಲ. ಮೈಕಣ್ಣ ಅದರ ಜೊತೆ ತಾನೂ ಮೆಲ್ಲಗೆ "ದುಡುದುಡು" ಎನ್ನತೊಡಗಿದ. ಸೇತುವೆಗೆ ಇನ್ನೂ ಒಂದು ಕಿಲೋಮೀಟರು ಇರುವಾಗಲೇ ಅವನೊಬ್ಬನೇ ದುಡುದುಡು ಎನ್ನುತ್ತಿದ್ದಾನೆ ಎಂದು ಗೊತ್ತಾಯಿತು.

ಬುಕ್, ಬುಕ್, ಬು.

ಸೇತುವೆಯ ಮೇಲಾದರೆ ಜಾರಿಸಿಕೊಂಡು ಹೋಗಬಹುದಿತ್ತು. ಇಲ್ಲಿ ನೆಲ ಚಪ್ಪಟೆ. ಮುಚ್ಚಿದ ಅಂಗಡಿಗಳ ಸಾಲು, ಒಂದು ಆಟೋ ಇಲ್ಲ. ನಿಲ್ದಾಣಕ್ಕೆ ಆರು ಕಿಲೋಮೀಟರು. ಅಲುಗಾಡಿಸಿದ. ಟ್ಯಾಂಕು ತುಂಬಿದ್ದರಿಂದ ಗುಳುಕ್ ಎಂಬ ಸದ್ದೂ ಬರಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಸಮಾಧಾನ ಹೇಳಿಕೊಂಡ. ಒದ್ದ. ಚೋಕ್ ಎಳೆದು ಒದ್ದ, ಚೋಕ್ ಬಿಟ್ಟು ಒದ್ದ. ಪೆಟ್ರೋಲಿನ ನಲ್ಲಿಯನ್ನು ರಿಸರ್ವಿಗೆ ತಿರುಗಿಸಿ ಒದ್ದ. ಇಪ್ಪತ್ತರ ತನಕ ಎಣಿಸಿದ, ಆಮೇಲೆ ಎಣಿಸುವುದನ್ನು ಬಿಟ್ಟು ಬೈಯತೊಡಗಿದ. ಮಾವನ ಮನೆ ದೂರವಿತ್ತು, ಬಾಯಿಗೆ ಬೇಲಿ ಇರಲಿಲ್ಲ.

ಬೆಳಗಿನ ವಾಯುವಿಹಾರಕ್ಕೆ ಬಂದಿದ್ದ ಮುದುಕರೊಬ್ಬರು ಕೋಲೂರಿ ನಿಂತರು. "ಚೋಕ್ ಎಳೆದ್ರಾ?"

"ಎಳೆದೆ."

"ಪೆಟ್ರೋಲ್ ಇದೆಯಾ?"

"ತುಂಬಿದೆ."

"ಕೀ ಹಾಕಿದೀರಾ?"

"ಇಲ್ಲಿ ತನಕ ತಳ್ಳಿಕೊಂಡು ಬರಲಿಲ್ಲ ಅಜ್ಜಾರೆ, ಓಡಿಸ್ಕೊಂಡೇ ಬಂದೆ."

"ಹಾಗಾದ್ರೆ ಒದೆಯೋದು ಸರಿ ಇಲ್ಲ" ಎಂದು ಮುದುಕರು ಮುಂದೆ ನಡೆದರು.

ಗಡಿಯಾರ ನೋಡಿದ. ಆರು ಮೂವತ್ತೈದು. ಕಣ್ಣ ಮುಂದೆ ಪಾರ್ಸಲ್ ವಿಭಾಗದ ಕಂತೆಗಳು, ಅವುಗಳ ಮೇಲೆ ಕೂತ ಧೂಳು, ಬಾಯಿ ಬಿಡದೆ ಸಾಗುವ ಎಂಟು ಗಂಟೆಗಳು ಬಂದುಹೋದವು. ಫೋನು ತೆಗೆದು ಮೇಸ್ತ್ರಿಗೆ ಹಚ್ಚಿದ. ಮೇಸ್ತ್ರಿ ತಂಗಿಯ ಮನೆಗೆ ಹೋಗಿದ್ದನಂತೆ, ನಾಳಿದ್ದು ಬರುತ್ತಾನಂತೆ. ಹಿಂದೆ ಯಾವುದೋ ಮಗು ಅಳುತ್ತಿತ್ತು.

"ಏನಂತೆ ಸಾರ್ ಮಹಾರಾಣಿಗೆ?"

"ಅದೇ ಅಂತೆ. ಏನ್ ಮಾಡ್ಲಿ ಬೇಗ ಹೇಳು."

"ಸದ್ದು ಮಾಡಿ ತೋರಿಸಿ."

ಮೈಕಣ್ಣ ಖಾಲಿ ರಸ್ತೆಯಲ್ಲಿ ನಿಂತು ಬುಕ್ ಬುಕ್ ಮಾಡಿದ. ಕರ್ಚಕ್ ಕರ್ಚಕ್ ಮಾಡಿದ. ಮೇಸ್ತ್ರಿ, "ಎಲ್ಲ ಸರಿ ಇದೆ ಸಾರ್. ನನ್ನ ಶೆಡ್ಡಲ್ಲಿ ಆಗ್ತಿತ್ತಲ್ಲ. ನೀವು ಒದೆಯೋವಾಗ ಸ್ವಲ್ಪ..." ಎಂದ.

ಅಷ್ಟೇ ಸಾಕಾಯಿತು. ಮೂರು ವಾರದಿಂದ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಮೇಲೆ ಬಂತು.

"ನಾನು ಒದೆಯೋದು ಸರಿ ಇಲ್ಲ ಅಲ್ವಾ? ಸರಿ, ನೀನು ಒದೆಯೋದು ಹೇಗೆ ಅಂತ ಕೇಳಿಸ್ತೀನಿ ಇರು." ಫೋನನ್ನು ಬಾಯಿಗೆ ಒತ್ತಿ ಹಿಡಿದು ಅವನು ಮೇಸ್ತ್ರಿಯನ್ನು ಆಡತೊಡಗಿದ. ಮೊದಲು ಚಪ್ಪಲಿ, ಸರ್ರ್ ಪಟ್, ಸರ್ರ್ ಪಟ್. ಬಾಯಿ ಮುಕ್ಕಳಿಸಿ ಉಗಿದದ್ದು. ಗಂಟಲು ಕೆರೆದದ್ದು, ಎರಡು ಸಲ, ಎರಡನೆಯದು ಉದ್ದ. "ಏನಂತೆ ಸಾರ್ ಮಹಾರಾಣಿಗೆ?" ಮೇಸ್ತ್ರಿಯ ಹೆಂಡತಿಯೇ ಮೋಸಹೋಗುವಂಥ ದನಿ. ಆಮೇಲೆ ಮುಚ್ಚಳದ ಕಟಕ್, ಅದರ ಬೆನ್ನಿಗೇ ಒಂದು "ಸ್ಸುಪ್". ಹೂಂ ಎಂಬ ಹೂಂಕಾರ. ಮುಚ್ಚಳ ಮತ್ತೆ ಕಟಕ್. ಲುಂಗಿಯ ಬಡಿತ. ಒಂದೇ ಒಂದು ಕರ್ಚಕ್. "ದುಡುದುಡುದುಡು." "ಇದು ನಿನ್ನ ಒದೆ. ನನ್ನ ಒದೆಗೂ ಇದಕ್ಕೂ ಏನು ವ್ಯತ್ಯಾಸ ಹೇಳು ನೋಡೋಣ."

ಆ ಕಡೆ ಮಗುವಿನ ಅಳು ದೂರವಾಯಿತು, ಮೇಸ್ತ್ರಿ ಫೋನು ಹಿಡಿದು ಹೊರಗೆ ಬಂದ ಹಾಗಿತ್ತು. ಸಿಟ್ಟು ಬಂತೇನೋ ಎಂದುಕೊಂಡ.

"ಸಾರ್," ಎಂದ ಮೇಸ್ತ್ರಿ ನಿಧಾನವಾಗಿ, "ನಡುವೆ ಸ್ಸುಪ್ ಅಂತ ಒಂದು ಮಾಡಿದ್ರಲ್ಲ. ಅದೇನು?"

"ನೀನು ಮುಚ್ಚಳ ತೆಗೆಯೋದು."

"ಮುಚ್ಚಳ ಹಾಗೆ ಸದ್ದು ಮಾಡತ್ತಾ?"

"ಪ್ರತಿ ಸಲ. ಟೀ ಹೀರಿದ ಹಾಗೆ. ನಿನ್ನ ಕೈ, ನಿನ್ನ ಮುಚ್ಚಳ, ನಿನಗೇ ಕೇಳಿಲ್ವಾ?"

"ಶೆಡ್ಡಲ್ಲಿ ಮೂವತ್ತು ವರ್ಷ ಸುತ್ತಿಗೆ ಬಡಿದ ಕಿವಿ ಸಾರ್ ಇದು. ಈಗ ನೀವು ಮುಚ್ಚಳ ತೆಗೀರಿ."

ಮೈಕಣ್ಣ ಮುಚ್ಚಳ ತಿರುಗಿಸಿದ. ಸ್ಸುಪ್. ಟ್ಯಾಂಕು ಬಾಯಾರಿದವರ ಹಾಗೆ ಗಾಳಿಯನ್ನು ಒಳಗೆಳೆದುಕೊಂಡಿತು. ಕೆಳಗೆ ಪೈಪಿನಲ್ಲಿ ಗುಳುಗುಳು ಎಂದು ಪೆಟ್ರೋಲು ಇಳಿಯುವ ಸದ್ದು ಸ್ಪಷ್ಟವಾಗಿ ಕೇಳಿಸಿತು.

"ಪೆಟ್ರೋಲು ಕೆಳಗೆ ಇಳೀಬೇಕು ಅಂದ್ರೆ ಮೇಲಿಂದ ಗಾಳಿ ಒಳಗೆ ಹೋಗ್ಬೇಕು ಸಾರ್. ಮುಚ್ಚಳದಲ್ಲಿ ಅದಕ್ಕೆ ಅಂತಲೇ ಒಂದು ಸಣ್ಣ ತೂತು ಇರುತ್ತೆ. ಅದು ಮುಚ್ಚಿಹೋಗಿದೆ. ನಾನು ದಿನಾ ಮುಚ್ಚಳ ತೆಗೆದು ಗಾಳಿ ಕೊಟ್ಟು ಒದೀತಿದ್ದೆ, ನೀವು ತೆಗೀದೆ ಒದೀತಿದ್ರಿ. ಟ್ಯಾಂಕ್ ತುಂಬಿಸಿದ್ರೆ ಒಳಗೆ ಗಾಳಿಗೆ ಜಾಗವೇ ಕಮ್ಮಿ, ಬೇಗ ನಿಂತುಹೋಗತ್ತೆ. ಮುಚ್ಚಳದ ಒಳಗಡೆ ಏನಿದೆ ನೋಡಿ."

ಮುಚ್ಚಳ ತಿರುವಿ ನೋಡಿದ. ಒಳಬದಿಗೆ ಗುಂಡಗೆ ಕತ್ತರಿಸಿದ ಕಪ್ಪು ರಬ್ಬರಿನ ಬಿಲ್ಲೆ. ಮಳೆಕೋಟಿನ ಬಟ್ಟೆಯ ಎರಡು ಪದರ, ಅಂಚಿಗೆ ಸುತ್ತಲೂ ಇರುವೆ ಸಾಲಿನಂಥ ಸಣ್ಣ ಹೊಲಿಗೆ, ಅದರ ಮೇಲೆ ಅಂಟು. ಈ ಬಿಲ್ಲೆಯನ್ನು ಅವನು ಬಂಕಿನಲ್ಲಿ ನೋಡಿದ್ದ, ಕಂಪನಿಯಿಂದಲೇ ಬಂದದ್ದು ಎಂದುಕೊಂಡಿದ್ದ. ಮೇಸ್ತ್ರಿಯೂ ನೋಡಿ ಹಾಗೆಯೇ ಅಂದುಕೊಂಡಿರಬೇಕು. ಅಷ್ಟು ಅಚ್ಚುಕಟ್ಟಾಗಿತ್ತು. ಇಂಥ ಹೊಲಿಗೆ ಹಾಕುವವರು ಊರಲ್ಲಿ ಒಬ್ಬರೇ.

"ಏನಿದೆ ಸಾರ್?"

"ನಮ್ಮ ಮಾವ ಇದಾರೆ" ಎಂದ ಮೈಕಣ್ಣ.

ಬಿಲ್ಲೆಯನ್ನು ಕೀಳಲು ನೋಡಿದ. ಉಗುರು ಮುರಿಯಿತು. ಕೀಲಿಕೈಯಿಂದ ಎಬ್ಬಲು ನೋಡಿದ. ಬಟ್ಟೆ ಹರಿದೀತು, ಹೊಲಿಗೆ ಬಿಡದು ಎಂದಿದ್ದರಲ್ಲ, ಬಟ್ಟೆಯೂ ಹರಿಯಲಿಲ್ಲ. ಆರು ನಲವತ್ತಮೂರು. ಮುಚ್ಚಳವನ್ನು ಬಿಗಿಯದೆ ಸುಮ್ಮನೆ ಬಾಯಿಯ ಮೇಲಿಟ್ಟು ಒದ್ದ. ಒಂದೇ ಒದೆ. ಗಾಡಿ ಎದ್ದಿತು.

ಆಮೇಲಿನ ಆರು ಕಿಲೋಮೀಟರು ಅವನು ಎಡಗೈಯಲ್ಲಿ ಕ್ಲಚ್ಚು ಹಿಡಿಯುತ್ತ, ಬಿಡುವಾದಾಗ ಅದೇ ಕೈಯಲ್ಲಿ ಮುಚ್ಚಳ ಅದುಮುತ್ತ ಓಡಿಸಿದ. ಪೂರ್ತಿ ಅದುಮಿದರೆ ಗಾಡಿ ಬಿಕ್ಕುತ್ತಿತ್ತು, ಬಿಟ್ಟರೆ ಪೆಟ್ರೋಲು ತುಳುಕುತ್ತಿತ್ತು. ಮಾವನ ಮಾತು ಕೇಳಿ ಕತ್ತಿನ ತನಕ ತುಂಬಿಸಿದ್ದ ಪೆಟ್ರೋಲು ಪ್ರತಿ ಬ್ರೇಕಿಗೂ ಚುಳುಕ್ ಎಂದು ತೊಡೆಯ ಮೇಲೆ ಬಂದು ಕೂರುತ್ತಿತ್ತು. ಸೇತುವೆಯ ನೆತ್ತಿ ದಾಟುವಾಗ ಗೆದ್ದೆ ಎನ್ನಿಸಬೇಕಿತ್ತು. ಪ್ಯಾಂಟು ಒದ್ದೆಯಾಗಿ ಉರಿಯುತ್ತಿದ್ದುದರಿಂದ ಅನ್ನಿಸಲಿಲ್ಲ.

ಆರು ಐವತ್ತಾರಕ್ಕೆ ಅವನು ಮೈಕಿನ ಕೋಣೆಯ ಮೆಟ್ಟಿಲು ಹತ್ತಿದ. ಸೂಪರ್‌ವೈಸರ್ ಬಾಗಿಲಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈ ಮೂಗಿನ ಮೇಲೆ.

"ಏನ್ರೀ ಇದು ವಾಸನೆ?"

"ಪೆಟ್ರೋಲ್ ಸಾರ್. ಟೈಮ್ ನೋಡಿ, ಇನ್ನೂ ನಾಲ್ಕು ನಿಮಿಷ ಇದೆ."

"ಟೈಮ್ ಅಂತ ಸರಿ. ಒಳಗೆ ಬಿಡೋಕಾಗಲ್ಲ." ಅವರು ಪುಸ್ತಕದ ನಡುವಿನಿಂದ ಮಡಿಸಿದ ಒಂದು ಕಾಗದ ತೆಗೆದರು. ಮೈಕಣ್ಣನ ಕೈಬರಹವೇ. "ಈ ಕೋಣೆಯ ಸ್ವಿಚ್ಚು ಕಿಡಿ ಹಾರಿಸುತ್ತಿದ್ದು ಯಾವುದೇ ಕ್ಷಣದಲ್ಲಿ ಪ್ರಾಣಾಪಾಯ ಸಂಭವಿಸಬಹುದು ಅಂತ ನೀವೇ ಮೂರು ಸಲ ಬರೆದುಕೊಟ್ಟಿದ್ದೀರಿ. ಈ ಪ್ಯಾಂಟಲ್ಲಿ ನಿಮ್ಮನ್ನ ಒಳಗೆ ಬಿಟ್ಟು, ಸಂಭವಿಸ್ತು ಅಂದ್ರೆ, ನಾನು ಯಾರಿಗೆ ಉತ್ತರ ಕೊಡ್ಲಿ?"

ಮೈಕಣ್ಣ ಕಾಗದವನ್ನು ಮೇಲಿಂದ ಕೆಳಗೆ ಓದಿದ. ದೂರು ಚೆನ್ನಾಗಿಯೇ ಬರೆದಿದ್ದ. ಸೂಪರ್‌ವೈಸರ್ ತಾವೇ ಒಳಗೆ ಹೋಗಿ, ಕೈಗೆ ಕರವಸ್ತ್ರ ಸುತ್ತಿಕೊಂಡು ಸ್ವಿಚ್ಚು ಒತ್ತಿದರು. ನೀಲಿ ಕಿಡಿ ಹಾರಿತು. ಪೆಟ್ಟಿಗೆ ಎಚ್ಚರಗೊಂಡು 'ಟಿಣ್ ಟೊಣ್' ಎಂದಿತು.

"ಪ್ರಯಾಣಿಕರ ಗಮನಕ್ಕೆ. ಏಳು ಗಂಟೆಯ ಬಸ್ಸು ಅಂಕಣ ನಾಲ್ಕರಿಂದ ಹೊರಡಲಿದೆ."

ಮೆಟ್ಟಿಲ ಮೇಲಿನಿಂದ ಇಡೀ ನಿಲ್ದಾಣ ಕಾಣುತ್ತಿತ್ತು. ನಾಲ್ಕು ಖಾಲಿ. ಬಸ್ಸು ಒಂಬತ್ತರಲ್ಲಿ ನೆರಳಿಗೆ ಮೈ ಚೆಲ್ಲಿ ನಿಂತು ಹೊಗೆ ಬಿಡುತ್ತಿತ್ತು. ಜನ ಚೀಲ, ಮಕ್ಕಳು, ಮೂಟೆ ಎತ್ತಿಕೊಂಡು ನಾಲ್ಕರ ಕಡೆಗೆ ಓಡತೊಡಗಿದ್ದರು. ಮೈಕಣ್ಣ ಕಂಬಿ ಹಿಡಿದು ಎದೆ ತುಂಬ ಉಸಿರೆಳೆದುಕೊಂಡ. ಎರಡೂ ಕೈ ಬಾಯಿಗೆ ಬೋಗುಣಿಯಾಗಿಸಿ, ಮೊದಲು "ಟಿಣ್ ಟೊಣ್" ಎಂದ. ತಗಡಿನ ಧ್ವನಿವರ್ಧಕದ ಸಣ್ಣ ಕೊರೆತವೂ ಸೇರಿ ಬಂತು. ಅದರ ಹಿಂದೆಯೇ ಅದೇ ನಯವಾದ ಹೆಣ್ಣು ದನಿ, ನೆಗಡಿ ಬಾರದ ದನಿ:

"ಕ್ಷಮಿಸಿ. ನನಗೆ ಇಲ್ಲಿಂದ ಕಾಣಿಸಲ್ಲ. ಏಳು ಗಂಟೆಯ ಬಸ್ಸು ಅಂಕಣ ಒಂಬತ್ತರಲ್ಲಿದೆ. ನಾಲ್ಕಕ್ಕೆ ಹೋದವರು ದಯವಿಟ್ಟು ಓಡಿ."

ಓಡುತ್ತಿದ್ದವರು ನಿಂತರು, ತಿರುಗಿದರು, ಒಂಬತ್ತರ ಕಡೆ ಓಡಿದರು. ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಮೆಟ್ಟಿಲ ಕಡೆ ನೋಡಿ, ಎರಡು ಸಲ ಹಾರ್ನ್ ಒತ್ತಿ, ಕೊನೆಯ ಚೀಲ ಒಳಗೆ ಬರುವ ತನಕ ಕಾದ. ಪೆಟ್ಟಿಗೆ ಇನ್ನೊಂದು ಸಲ ನಾಲ್ಕು ಎಂದಿತು. ಮೈಕಣ್ಣ ಇನ್ನೊಂದು ಸಲ ಕ್ಷಮೆ ಕೇಳಿದ. ಹೀಗೆ ಎಂಟು ಗಂಟೆಯ ತನಕ ಪೆಟ್ಟಿಗೆ ಹೇಳಿದ್ದು, ಅದೇ ದನಿಯಲ್ಲಿ ಅವನು ತಿದ್ದಿದ್ದು ನಡೆಯಿತು. ಬಿಸಿಲಿಗೆ ಪ್ಯಾಂಟು ಆರಿತು. ಗಂಟಲು ಕಟ್ಟಿತು.

ಸೂಪರ್‌ವೈಸರ್ ಪೆಟ್ಟಿಗೆಯ ತಂತಿ ಕಿತ್ತು, ನೀಲಿ ಪೆನ್ನಿನಲ್ಲಿ 'ಆರು ಐವತ್ತಾರು' ಎಂದು ಬರೆದು, ಅವನ ಮುಂದೆ ಹಿಡಿದರು. "ನಾಲ್ಕನೇ ಕೆಂಪು ಅಂತ ಬಿದ್ದಿಲ್ಲ. ಮೂರು ಹಾಗೇ ಇದಾವೆ. ಪೆಟ್ಟಿಗೆಗೆ ಕಣ್ಣಿಲ್ಲ ಅಂತ ಮೇಲಿನೋರಿಗೆ ನಾನು ಬರೀತೀನಿ. ನಾಳೆ ಒಗೆದ ಪ್ಯಾಂಟು ಅಂತ ಒಂದು ಹಾಕ್ಕೊಂಡು ಬನ್ನಿ."

ಮಧ್ಯಾಹ್ನ ಮುಚ್ಚಳ ಅದುಮುತ್ತ, ಬಿಡುತ್ತ ಮನೆಗೆ ಬಂದ. ದಾರಿಯುದ್ದಕ್ಕೂ ಮಾವನಿಗೆ ಹೇಳಬೇಕಾದ್ದನ್ನು ಜೋಡಿಸಿಕೊಂಡಿದ್ದ. ಮೂರು ವಾರ, ಮೂರು ಕೆಂಪು, ಒಂದು ಪ್ಲಗ್ಗು, ಎರಡು ಸಲ ಬಿಚ್ಚಿದ ಕಾರ್ಬುರೇಟರು, ಊರವರ ಮುಂದೆ ಹೋದ ಕಾಲಿನ ಮಾನ, ಎಲ್ಲ ಅನುಕ್ರಮವಾಗಿ ಇದ್ದವು. ಒಳಗೆ ಬಂದು ಮುಚ್ಚಳವನ್ನು ಮಿಷನ್ನಿನ ಮೇಲೆ ಟಕ್ ಎಂದು ಇಟ್ಟ. ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ದನಿ ನಿಲ್ದಾಣದಲ್ಲೇ ಉಳಿದಿತ್ತು. ಮುಚ್ಚಳದ ತೂತನ್ನು ತೋರಿಸಿ, ಬಿಲ್ಲೆಯನ್ನು ತೋರಿಸಿ, ಕೆನ್ನೆ ಒಳಗೆಳೆದು "ಸ್ಸುಪ್" ಎಂದು ಮಾಡಿ ತೋರಿಸಿದ.

ಮಾವ ಕನ್ನಡಕ ಏರಿಸಿಕೊಂಡು ನೋಡಿದರು. ಹೊಲಿಗೆ ಎಲ್ಲೂ ಬಿಟ್ಟಿಲ್ಲವೆಂದು ಮೊದಲು ಖಾತ್ರಿ ಮಾಡಿಕೊಂಡರು.

"ಓಹೋ, ಗಾಳಿ ಆಡ್ಬೇಕಿತ್ತಾ. ಅದನ್ನ ಮೊದಲೇ ಹೇಳ್ಬಾರ್ದಾ ಅಳಿಯಂದ್ರೇ."

ಚಿಕ್ಕ ಕತ್ತರಿ ತೆಗೆದು ತೂತಿಗೆ ಸರಿಯಾಗಿ ಬಿಲ್ಲೆಯಲ್ಲಿ ಒಂದು ಸೀಳು ಕೊಟ್ಟರು. ಸೂಜಿಗೆ ಕಪ್ಪು ದಾರ ಪೋಣಿಸಿ, ಅಂಗಿಯ ಗುಂಡಿಗೆ ಹಾಕುವ ಹಾಗೆ ಸುತ್ತಲೂ ಒತ್ತೊತ್ತಾಗಿ ಕಾಜಾ ಹೊಲಿದರು. ದಾರ ಹಲ್ಲಿನಿಂದ ಕಡಿದರು. ತಾವೇ ಅಂಗಳಕ್ಕೆ ಹೋಗಿ ಮುಚ್ಚಳ ಬಿಗಿದು, ಪಂಚೆ ಎತ್ತಿ ಕಟ್ಟಿ, ಗಾಡಿಗೆ ಒಂದು ಒದೆ ಕೊಟ್ಟರು.

ದುಡುದುಡುದುಡು.

"ನೋಡಿದ್ರಾ?" ಎಂದರು ಮಾವ. "ಒಂದೇ ಒದೆ."

ಮೈಕಣ್ಣನಿಗೆ ಅಂದು ಸಂಜೆಯ ತನಕ ದನಿ ಬರಲಿಲ್ಲ.